ನೂರರಾಗ ಒಂದು

ಭಿನ್ನರಾಶಿಯ ಮೇಲಿನ ಸಿಟ್ಟಿಗೆ ಲಖನ ಒಂಬತ್ತನೆಯ ಇಯತ್ತೆಯಲ್ಲೇ ಸಾಲಿ ಬಿಟ್ಟಿದ್ದ. ಗೆರೆಯ ಮೇಲಿನ ಅಂಕಿ ದೊಡ್ಡದೋ ಕೆಳಗಿನದು ದೊಡ್ಡದೋ ಎಂದು ಕೇಳಿದ ಮಾಸ್ತರರಿಗೆ, “ನಡುವ ಗೆರಿ ಎಳದಾಂವ ದೊಡ್ಡಾಂವ್ರಿ” ಎಂದು ಹೇಳಿ ಪಾಟಿಚೀಲ ಒಗೆದು ಬಂದಿದ್ದ. ಆಗ ಅದು ಶೂರತನ ಅನ್ನಿಸಿತ್ತು.

ಈಗ ಗೋಕಾಕದ ಕಾಲೇಜಿನಲ್ಲಿ ಕಲಿಸುವ ಆಮ್ರಪಾಲಿ ಮೇಡಂ ಹತ್ತಿರ ಅವನಿಗೆ ಕೆಲಸ. ಯಾವ ಬಾವಿಯ ನೀರಿನಲ್ಲಿ ಯಾರಿಗೆ ಎಷ್ಟು ಪಾಲು ಎಂದು ಮೇಡಂ ಊರೂರು ತಿರುಗಿ ಬರೆದು ತರುವುದು, ಲಖನ ಅದನ್ನು ಕಂಪ್ಯೂಟರಿಗೆ ತುಂಬುವುದು. ‘ಮೂರರಾಗ ಒಂದು’ ಎಂದು ಬರೆದಿದ್ದರೆ ಅವನು ಮೊಬೈಲಿನಲ್ಲಿ ಒಂದನ್ನು ಮೂರರಿಂದ ಭಾಗಿಸುತ್ತಿದ್ದ. ಸೊನ್ನೆ, ಚುಕ್ಕಿ, ಆಮೇಲೆ ಮೂರು, ಮೂರು, ಮೂರು... ಕುರಿಹಿಂಡು ರಸ್ತೆ ದಾಟಿದ ಹಾಗೆ, ಮುಗಿಯುವ ಲಕ್ಷಣವೇ ಇಲ್ಲ. “ಸಾಕ ನಿಂದರ್ಲೇ!” ಎಂದು ಬೈದು ಚುಕ್ಕಿಯ ಮುಂದೆ ಎರಡೇ ಎರಡು ‘ಮೂರು’ಗಳನ್ನು ಒಳಗೆ ಬಿಟ್ಟು ಉಳಿದವನ್ನು ಹೊರಗೆ ಅಟ್ಟಿದ್ದ.

ಇವತ್ತು ಬೆಳಿಗ್ಗೆ ಮೇಡಂ ಹೇಳಿದರು: “ಅಂಕಲಗಿ ಕಡಿ ಬಾವಿ ಮಂದಿಗೆ ಪಟ್ಟಿ ಓದಿ ಹೇಳಬೇಕು. ಹ್ವಾದ ಸಲ ಶೆಟ್ಟೆಪ್ಪಜ್ಜ ಏನಂದ, ನೆನಪೈತಿಲ್ಲ?”

ನೆನಪಿತ್ತು. ‘ಸೊನ್ನಿ ಮುಂದಿನ ಚುಕ್ಕಿ ಏನ್ರಿ ಬಾಯಾರ? ಕುರಿ ಹಿಕ್ಕಿ?’ ಎಂದಿದ್ದ.

“ಅದಕ್ಕ ಚುಕ್ಕಿ ತಗದು ಭಿನ್ನರಾಶಿ ಮಾಡು. ಸಾಫ್ಟ್‌ವೇರ್‌ನ್ಯಾಗ ಒಂದ ಕಮಾಂಡ್ ಐತಿ. ಅವ್ರು ಹೆಬ್ಬೆಟ್ಟ ಒತ್ತಿದ್ರ ಹುಕ್ಕೇರಿ, ಮೂಡಲಗಿ ಕೆಲಸಾನೂ ನಿಂದ. ಇಲ್ಲಾಂದ್ರ...”

ಇಲ್ಲಾಂದ್ರ ಕಾಕಾನ ಟ್ರ್ಯಾಕ್ಟರಿಗೆ ಕಬ್ಬು ಹೇರುವುದು. ಲಖನ ಕಮಾಂಡ್ ಒತ್ತಿದ. ಒಂಬತ್ತು ವರ್ಷ ತನ್ನ ತಲೆಗೆ ಹತ್ತದ್ದನ್ನು ಆ ಡಬ್ಬಿ ಕಣ್ಣು ಮಿಟುಕಿಸುವುದರಲ್ಲಿ ಮಾಡಿ ಮುಗಿಸಿತು. ಪರದೆಯ ತುಂಬ ಗೆರೆಗಳು ಕಂಡದ್ದೇ ಹಳೆಯ ಸಿಟ್ಟು ನೆತ್ತಿಗೇರಿ, ಓದದೆಯೇ ಪ್ರಿಂಟ್ ತೆಗೆದ.

ಮೇಡಂ ಜೊತೆ ಅವನು ಬಾವಿಗೆ ಬಂದಾಗ ಅಲ್ಲಿ ಮುಂಜಾನೆಯಿಂದ ಜಗಳ ನಡೆದಿತ್ತು. ಹೂಳು ಎತ್ತುವ ದಿನ. ಅಣ್ಣ ಶೆಟ್ಟೆಪ್ಪ, ತಮ್ಮ ಸಿದ್ರಾಯ, ತೀರಿಹೋದ ಇನ್ನೊಬ್ಬ ತಮ್ಮನ ಹೆಂಡತಿ ದುಂಡವ್ವ, ಮೂವರೂ ಬುಟ್ಟಿ ಹಿಡಿದು ನಿಂತಿದ್ದರು. ಕೆಳಗೆ ಮಾತ್ರ ಯಾರೂ ಇಳಿದಿರಲಿಲ್ಲ.

ಲಖನ ಗಂಟಲು ಸರಿಮಾಡಿಕೊಂಡು ಓದಿದ: “ಶೆಟ್ಟೆಪ್ಪ, ನೂರರಾಗ ಮೂವತ್ಮೂರು. ಸಿದ್ರಾಯ, ನೂರರಾಗ ಮೂವತ್ಮೂರು. ದುಂಡವ್ವ, ನೂರರಾಗ ಮೂವತ್ಮೂರು.”

ದುಂಡವ್ವ ಬೆರಳು ಮಡಚಿದಳು. “ತೊಂಬತ್ತೊಂಬತ್ತಾತು. ಇನ್ನೊಂದೆಲ್ಲಿ?”

ಶೆಟ್ಟೆಪ್ಪ ತಮ್ಮನ ಕಡೆ ತಿರುಗಿದ. “ಅದಕ್ಕs ನನ್ನ ಪಾಳಿ ದಿನ ನೀರ ಕಮ್ಮಿ ಬೀಳತಾವು!”

“ನಾ ಏನ್ ಬಾವಿ ನೀರ ಕಿಸೇದಾಗ ಇಟಗೊಂಡ ಅಡ್ಡಾಡತೇನೇನು?”

“ಕಿಸೆ ತೋರಸು!”

ಸಿದ್ರಾಯ ಸಲಿಕೆ ಎತ್ತಿದ. ಶೆಟ್ಟೆಪ್ಪ ರುಮಾಲು ಬಿಗಿದ. ಮೇಡಂ ಲಖನನನ್ನು ನೋಡಿದ ನೋಟಕ್ಕೆ ಹಸಿ ಕಬ್ಬೂ ಒಣಗಬೇಕು.

“ತಪ್ಪ ನಂದ್ರಿ!” ಲಖನ ನಡುವೆ ಹಾರಿದ. “ಮೂರು ಮುಗೀವಲ್ದು ಅಂತ ಅದರ ಬಾಲಾ ನಾನs ಕತ್ತರಿಸಿ ತುಂಬೇನಿ. ನಾ ಕೊಟ್ಟಷ್ಟನ್ನs ಅದು ಗೆರಿ ಎಳದು ತಿರುಗಿ ಕೊಟ್ಟೈತಿ. ಆ ಒಂದು ನನ್ನ ಕಡೇನ ಉಳದೈತ್ರಿ!”

ಮೂವರೂ ಬೇವಿನ ಗಿಡದ ಕೆಳಗೆ ಹೋಗಿ ತಲೆಗೆ ತಲೆ ಹಚ್ಚಿ ಏನೋ ಮಾತಾಡಿಕೊಂಡರು.

“ನಾಳೆ ತಿದ್ದಿ ತರತೇವ್ರಿ” ಎಂದರು ಮೇಡಂ.

“ತಿದ್ದಾಕ ಬ್ಯಾಡ್ರಿ ಬಾಯಾರ,” ಶೆಟ್ಟೆಪ್ಪ ನಗುತ್ತ ಬಂದ. “ಹುಡುಗ ಖರೆ ಹೇಳ್ಯಾನ. ಆ ಪಾಲು ಅವಗs ಕೊಟ್ಟೇವಿ. ಬರಕೊಳ್ರಿ.”

ಲಖನನ ಎದೆ ಹಬ್ಬದ ಎತ್ತಿನ ಹಾಗೆ ಉಬ್ಬಿತು. ಗೇಣು ಹೊಲವಿಲ್ಲದ ತನಗೆ ಬಾವಿಯಲ್ಲಿ ಪಾಲು! ತಾನೇ ನಾಲ್ಕನೆಯ ಸಾಲು ಬರೆದ: ಲಖನ, ನೂರರಾಗ ಒಂದು. ಮೇಡಂ ಬೇಡವೆಂದು ಹಾಳೆ ಕಿತ್ತುಕೊಂಡರೂ ಅವರ ಕೈಯಿಂದ ಅದನ್ನು ಕಸಿದು ಮೂವರೂ ಹೆಬ್ಬೆಟ್ಟು ಒತ್ತಿದರು. ಲಖನನೂ ಒತ್ತಿದ.

ಮಸಿ ಆರುವ ಮೊದಲೇ ಶೆಟ್ಟೆಪ್ಪ ಅವನ ಕೈಗೆ ಬುಟ್ಟಿ ಕೊಟ್ಟ. “ಇಳಿ.”

“ಎಲ್ಲಿಗ್ರಿ?”

“ಬಾವ್ಯಾಗ. ಪಾಲಿದ್ದಾಂವ ಹೂಳ ಎತ್ತಬೇಕು. ಅಪ್ಪನ ಕಾಲದಿಂದ ಬಂದ ರಿವಾಜು.”

“ನಂದು ನೂರ ಬುಟ್ಟಿಗೆ ಒಂದs ಬುಟ್ಟಿ ನೋಡ್ರಿ ಮತ್ತ!”

“ಒಂದs. ಯಾರ ಇಲ್ಲಂದ್ರು?”

ಒಂದು ಬುಟ್ಟಿಗೇನು ಎಂದು ಲಖನ ಹಗ್ಗ ಹಿಡಿದು ಇಳಿದ. ಮೊಣಕಾಲು ಮಟ ರಾಡಿ. ಬುಟ್ಟಿ ತುಂಬಿ ಕೂಗಿದ: “ನಂದಾತ್ರಿ! ನನ್ನ ಮ್ಯಾಲ ಹತ್ತಿಸ್ಕೊಳ್ರಿ!”

ಬುಟ್ಟಿ ಮೇಲೆ ಹೋಯಿತು. ಖಾಲಿ ಬುಟ್ಟಿ ತಿರುಗಿ ಕೆಳಗೆ ಬಂತು. ಅದರ ಹಿಂದೆಯೇ ದುಂಡವ್ವನ ದನಿ: “ಅದನ್ನ ನನ್ನ ಲೆಕ್ಕಕ್ಕ ಹಿಡದೇನಪಾ. ನಮ್ಮ ಮೊಣಕಾಲ ಹೋಗ್ಯಾವು, ಹೆಂಗೂ ನೀ ಕೆಳಗ ಅದಿ. ನಂದಿನ್ನ ಮೂವತ್ತೆರಡು.”

“ಆಮ್ಯಾಲ ನಂದು,” ಸಿದ್ರಾಯ ಇಣುಕಿದ. “ಆಮ್ಯಾಲ ಅಣ್ಣಂದು.”

“ಮೇಡಂ! ನನ್ನ ಹೆಸರ ತಗೀರಿ!”

ಮೇಡಂ ಬಗ್ಗಿ ನೋಡಿದರು. “ನಿನ್ನ ಹೆಸರ ತಗದ್ರ ಮತ್ತ ತೊಂಬತ್ತೊಂಬತ್ತs ಆಕ್ಕೈತಲ್ಲೋ ಲಖನ.”

ಶೆಟ್ಟೆಪ್ಪ ಮೇಲಿಂದ ಸಮಾಧಾನ ಹೇಳಿದ: “ಗಡಬಡಿ ಮಾಡಬ್ಯಾಡ ತಮ್ಮಾ. ನಿಂದು ಕಡೇದು.”