ಹಳೇ ಬಾಗಿಲು ನೋಡಲು ಹೋದ ಚಂದ್ರಕುಮಾರ

ಇಷ್ಟಕ್ಕೆಲ್ಲ ಕಾರಣ ಮೂರು ಜನರ ಚಿತ್ರಾನ್ನ. ಭಾನುವಾರ ಬೆಳಿಗ್ಗೆ ಎದ್ದು ಅದನ್ನು ಕಲಸದೆ ಇದ್ದಿದ್ದರೆ, ಗೆಳೆಯರು ಕೈಕೊಟ್ಟ ಕೂಡಲೇ ಚಂದ್ರಕುಮಾರ ಮುಸುಕೆಳೆದು ಮಲಗಿಬಿಡುತ್ತಿದ್ದ. ಕಲಸಿಟ್ಟ ಚಿತ್ರಾನ್ನವನ್ನು ಏನು ಮಾಡೋಣ ಹೇಳಿ?

ತರೀಕೆರೆಯ ಹಳೇ ಕೋಟೆ ಬೀದಿಗಳನ್ನು ಒಂದು ದಿನ ಪೂರ್ತಿ ಸುತ್ತಬೇಕು ಎಂಬುದು ಅವನೂ, ಉಮರ್ ಫಾರೂಕನೂ, ಈರಭದ್ರಪ್ಪನೂ ಹೈಸ್ಕೂಲಿನಿಂದ ಹಾಕುತ್ತ ಬಂದ ಪ್ಲಾನು. ಏಳು ಗಂಟೆಗೆ ಫಾರೂಕ್ ಫೋನ್ ಮಾಡಿದ: "ಮಗಳಿಗೆ ಜ್ವರ ಕಣೋ, ಇನ್ನೊಂದ್ ದಿನ ಹೋಗಾಣ." ಏಳೂಕಾಲಿಗೆ ಈರಭದ್ರಪ್ಪ: "ಮಾವನ ತೋಟದಲ್ಲಿ ಬೋರ್ ಕೊರುಸ್ತಾವ್ರೆ ಕಣ್ಲಾ. ಹೋಗ್ದಿದ್ರೆ ಇವ್ಳು ನನ್ನೇ ಕೊರೀತಾಳೆ."

ಇಬ್ಬರಿಗೂ ಹೆಂಡತಿ, ಮಕ್ಕಳು, ಮಾವನ ಮನೆ. ನಲವತ್ತಮೂರರ ಚಂದ್ರಕುಮಾರನಿಗೆ ಅಜ್ಜಂಪುರದಲ್ಲೊಂದು ಬಾಡಿಗೆ ಕೋಣೆ, ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ. ಕಡೂರಿನ ಅಕ್ಕ ಕಮಲಾಕ್ಷಮ್ಮ ಹದಿನೈದು ವರ್ಷ ಅವನಿಗೆ ಹೆಣ್ಣು ಹುಡುಕಿ, ಎರಡು ವರ್ಷದ ಹಿಂದೆ "ನಿನ್ ಹಣೇಲಿ ಬರ್ದಿಲ್ಲ ಬಿಡಪ್ಪಾ" ಎಂದು ಕೈಚೆಲ್ಲಿದ್ದಳು. ಬರೆಯಲು ಜಾಗಕ್ಕೇನೂ ಕೊರತೆಯಿರಲಿಲ್ಲ. ಹಣೆ ವರ್ಷವರ್ಷಕ್ಕೂ ಅಗಲವಾಗುತ್ತ ನೆತ್ತಿ ದಾಟಿತ್ತು.

ಅಂತೂ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಚಿತ್ರಾನ್ನದ ಡಬ್ಬಿ ಹಿಡಿದು, ಒಬ್ಬನೇ ಬಸ್ಸು ಹತ್ತಿದ. ಕೋಟೆ ಬೀದಿಯಲ್ಲಿ ಕೆತ್ತನೆಯ ದೊಡ್ಡ ಬಾಗಿಲೊಂದು ಕಂಡಿತು. ಎದುರು ಜಗುಲಿಯಲ್ಲಿ ಹುಲಿಯಮ್ಮ ಎಂಬ ಮುದುಕಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

"ಅಮ್ಮಾ, ಈ ಬಾಗಿಲು ಎಷ್ಟು ವರ್ಷದ್ದು?"

ಹುಲಿಯಮ್ಮ ಬಿಳಿ ಶರ್ಟನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರಪ್ಪಾ?"

"ಅಜ್ಜಂಪುರ."

"ಲೇ ಪಾಪಮ್ಮಾ, ಬಾರೇ ಈಚಿಗೆ! ಅಜ್ಜಂಪುರದೋರು ಬಂದ್ರು ಕಣೇ!"

ನಮ್ಮ ಕಡೆ ಹೆಣ್ಣಿನ ಮಾತು ಮುಂದುವರಿಯುವ ಮೊದಲು ಗಂಡಿನ ಕಡೆಯವರೊಬ್ಬರು ಬಂದು, ಅಕ್ಕಪಕ್ಕದಲ್ಲಿ ಗುಟ್ಟಾಗಿ ವಿಚಾರಿಸಿಕೊಂಡು ಹೋಗುವುದುಂಟು. ಹಾಗೆ ಬಂದವರು ಬಾಡಿಗೆ ಮನೆ ಇದೆಯಾ, ಹುಣಸೆಹಣ್ಣು ಹೇಗೆ ಕೊಡ್ತೀರಿ ಎಂದೇ ಮಾತು ತೆಗೆಯುವುದು. ಬಾಗಿಲಿನ ವಯಸ್ಸು ಕೇಳಿದವನು ಇವನೇ ಮೊದಲು. ಆ ಬಾಗಿಲೋ ಲಕ್ಷ್ಮಣಪ್ಪನವರ ಮನೆಯದು. ಅವರ ಮಗಳು ಕೋಮಲಾಗೆ ಅಜ್ಜಂಪುರದಿಂದ ಸಂಬಂಧ ಬಂದಿರುವುದು ಬೀದಿಗೆಲ್ಲ ಗೊತ್ತು.

"ಕೋಮಲನ್ ವಿಷ್ಯ ತಾನೆ? ಬಂಗಾರದಂಥ ಹುಡ್ಗಿ," ಎಂದಳು ಹುಲಿಯಮ್ಮ.

"ಅಯ್ಯೋ, ನಾನು ಬಾಗಿಲು ನೋಡೋಕೆ ಬಂದೆ ಕಣಮ್ಮಾ."

"ಗೊತ್ತು ಬಿಡಪ್ಪಾ. ವಿಚಾರ್ಸಕ್ ಬಂದೋರು ಯಾರಾದ್ರೂ ವಿಚಾರ್ಸಕ್ ಬಂದಿವ್ನಿ ಅಂತಾರಾ?"

"ಸತ್ಯವಾಗ್ಲೂ ಅಮ್ಮಾ! ನನ್ನ ಹೆಸರು..."

"ಹೆಸ್ರು ಹೇಳ್ಬ್ಯಾಡ. ಹೆಂಗೂ ಸುಳ್ಳೇ ಹೇಳ್ತೀಯ."

ಪಕ್ಕದ ಮನೆಯಿಂದ ಬಂದ ಪಾಪಮ್ಮ ದನಿ ತಗ್ಗಿಸಿದಳು. "ಹುಡ್ಗಿ ಒಳ್ಳೇಳೇ. ಆದ್ರೆ ಹಳೇ ಕಲ್ಲು ಕಂಡ್ರೆ ನಿಂತ್ಬಿಡ್ತಾಳೆ. ಮೂವತ್ತಾರಾದ್ರೂ ಒಬ್ಳೇ ಗೋಡೆ ನೋಡ್ಕಂಡ್ ತಿರುಗ್ತಾಳೆ."

ಚಂದ್ರಕುಮಾರ ಇಲ್ಲ ಇಲ್ಲ ಎಂದಷ್ಟೂ ಕಾಫಿ ಬಂತು, ಅವಲಕ್ಕಿ ಬಂತು, ಕೂರಲು ಕುರ್ಚಿ ಬಂತು. ಅವನು ತಿಂದನೋ ಇಲ್ಲವೋ ಎಂದು ಕೇಳುವವರಿಲ್ಲದೆ ವರ್ಷಗಳಾಗಿದ್ದವು. ಮೂರನೇ ಮನೆಯ ಕಾಫಿಯ ಹೊತ್ತಿಗೆ ಅವನು ಇಲ್ಲ ಎನ್ನುವುದನ್ನೇ ಬಿಟ್ಟ.

ಅಷ್ಟರಲ್ಲಿ ಕೋಮಲಾಳೇ ಬಂದಳು. ಹೈಸ್ಕೂಲ್ ಟೀಚರ್. "ಬಾಗಿಲು ಕೇಳಿದ್ರಂತೆ. ಬನ್ನಿ, ತೋರಿಸ್ತೀನಿ," ಎಂದಳು. ಬಾಗಿಲ ಮೇಲಿನ ಗಿಳಿಗಳನ್ನು ತೋರಿಸಿದಳು, ಬಟ್ಟೆ ಒಗೆಯುವ ಕಲ್ಲಾಗಿಹೋದ ಕೋಟೆಯ ಕಲ್ಲನ್ನು ತೋರಿಸಿದಳು. ಬಾವಿಕಟ್ಟೆಯ ಮೇಲೆ ಇಬ್ಬರೂ ಚಿತ್ರಾನ್ನ ತಿಂದರು.

"ಉಪ್ಪು ಜಾಸ್ತಿ," ಎಂದು ನಕ್ಕು, ಇನ್ನೊಂದು ತುತ್ತು ತೆಗೆದುಕೊಂಡಳು. "ಗೆಳತೀರೆಲ್ಲ ಮದ್ವೆ ಆಗಿ ಹೋದ್ರು. ಇದನ್ನೆಲ್ಲ ತೋರ್ಸೋಕೆ ನಂಗೂ ಯಾರೂ ಸಿಕ್ಕಿರ್ಲಿಲ್ಲ."

ಚಂದ್ರಕುಮಾರ ಡಬ್ಬಿಯನ್ನು ಅವಳತ್ತ ಸರಿಸಿದ. ಇವಳು ನನ್ನ ಹಾಗೇ ಎಂದುಕೊಂಡ.

ನಾಲ್ಕು ಗಂಟೆಗೆ ಲಕ್ಷ್ಮಣಪ್ಪ ಅವನನ್ನು ಒಳಗೆ ಕರೆದು ಕೂರಿಸಿಕೊಂಡರು. "ಇನ್ಯಾಕೆ ಮುಚ್ಚುಮರೆ? ಜಾತಕ ಕೂಡೈತೆ. ಫೋಟೋನೂ ಒಪ್ಪಿಗೆ, ಎಂಥ ಗುಂಗುರು ಕೂದ್ಲು ಹುಡುಗಂದು! ಸಂಜೆ ಹೂಂ ಅಂತ ಫೋನ್ ಮಾಡೋಣ ಅಂತಿದೀವಿ. ನೀವು ಹೇಳಿ, ಹುಡುಗ ಹೆಂಗೆ?"

ಬಾಗಿಲ ಸಂದಿಯಲ್ಲಿ ಕೋಮಲಾಳ ಸೀರೆಯ ಅಂಚು ಕಂಡಿತು. ಚಂದ್ರಕುಮಾರನ ಕೈ ತಾನಾಗಿ ಬೋಳು ನೆತ್ತಿಗೆ ಹೋಯಿತು. ಹೊಟ್ಟೆ ಉರಿಯಿತು. ಯಾವನೋ ಗುಂಗುರು ಕೂದಲಿನವನು ಈ ಬಾವಿಕಟ್ಟೆಯನ್ನೂ ಈ ನಗುವನ್ನೂ ಎತ್ತಿಕೊಂಡು ಹೋಗುವುದೇ? ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಡಪಾಯಿ ಬಾಯಿಗೆ ಬಂದದ್ದನ್ನು ಹೇಳಿದ.

"ಫೋಟೋ ನಂಬಬೇಡಿ ಸರ್. ಹುಡುಗನಿಗೆ ಏನೂ ಹುರುಪಿಲ್ಲ. ರಜಾ ಬಂದ್ರೆ ಮುಸುಕು ಹಾಕ್ಕೊಂಡ್ ಮಲಗ್ತಾನೆ. ಜೊತೇಲಿ ತಿರುಗೋಕೆ ಒಬ್ಬ ಸ್ನೇಹಿತ ಇಲ್ಲ."

"ಗಂಡಿನ ಕಡೆಯೋರಾಗಿ ಇಷ್ಟು ನಿಜ ಹೇಳಿದ್ರಲ್ಲ! ಉಪಕಾರ ಆಯ್ತು," ಎಂದು ಲಕ್ಷ್ಮಣಪ್ಪ ಕೈಮುಗಿದರು.

ಚಂದ್ರಕುಮಾರ ಗೆದ್ದವನಂತೆ ಬಸ್ಸು ಹತ್ತಿದ. ಮುಂದಿನ ಭಾನುವಾರ ಬಂದು, ಇದ್ದದ್ದು ಇದ್ದ ಹಾಗೆ ಹೇಳಿ, ಕೋಮಲಾಳನ್ನು ತನಗೇ ಕೇಳುವುದು. ಜೊತೆಗೆ ಉಪ್ಪು ಹದವಾಗಿ ಹಾಕಿದ ಚಿತ್ರಾನ್ನ ಒಯ್ಯುವುದು. ಅಷ್ಟು ಯೋಚಿಸುವುದರೊಳಗೆ ಅಕ್ಕನ ಫೋನು ಬಂತು.

"ಚಂದ್ರೂ, ಎಲ್ಲಾ ಹಾಳಾಗ್ಹೋಯ್ತು ಕಣೋ! ಹೇಳಿದ್ರೆ ಮತ್ತೆ ಆಸೆ ಪಡ್ತೀಯ ಅಂತ, ನಿಂಗೆ ಹೇಳ್ದೆ ಒಂದ್ ಕಡೆ ಜಾತ್ಕ ಕಳ್ಸಿದ್ದೆ. ತರೀಕೆರೆ ಕೋಟೆ ಲಕ್ಷ್ಮಣಪ್ನೋರ ಮಗ್ಳು. ಫೋಟೋನೂ ಒಪ್ಪಿದ್ರು."

"ಯಾವ... ಯಾವ ಫೋಟೋ ಅಕ್ಕಾ?"

"ನೀನು ಕಾಲೇಜಲ್ಲಿ ತೆಗ್ಸಿದ್ದು. ಆಗ ಕೂದ್ಲಿತ್ತಲ್ಲ. ಈಗ ಬ್ಯಾಡ ಅಂತಾವ್ರೆ. ಅಜ್ಜಂಪುರದ ಯಾವನೋ ಮನೆಮುರುಕ ಹೋಗಿ ಹುಡ್ಗ ಸರಿಯಿಲ್ಲ ಅಂದ್ನಂತೆ!"

"ಅವ್ನು ಸುಳ್ಳು ಹೇಳಿದಾನೆ ಅನ್ನಬೇಕಿತ್ತು ಅಕ್ಕಾ."

"ಅಂದೆ ಕಣೋ! ಹುಡ್ಗಿ ಕೇಳ್ಬೇಕಲ್ಲ. ಅವ್ರಷ್ಟು ಒಳ್ಳೇ ಮನುಷ್ಯರನ್ನ ನಾನು ನೋಡೇ ಇಲ್ಲ, ಅವ್ರು ಸುಳ್ಳು ಹೇಳೋರಲ್ಲ ಅಂತಾಳಂತೆ. ಯಾರೋ ಅವ್ನು? ಗೊತ್ತೇನೋ ನಿಂಗೆ?"

ಬಸ್ಸಿನ ಕಿಟಕಿಯ ಗಾಜಿನಲ್ಲಿ ಬೋಳು ತಲೆಯೊಂದು ಕುಲುಕಾಡುತ್ತಿತ್ತು. "ಗೊತ್ತಕ್ಕಾ," ಎಂದ ಚಂದ್ರಕುಮಾರ.

"ಅಂಥೋನ ಸಹವಾಸ ಇವತ್ತೇ ಬಿಟ್ಬಿಡು."

"ಹೆಂಗೆ ಬಿಡ್ಲಿ ಅಕ್ಕಾ? ನಂಗಿರೋದು ಅವನೊಬ್ನೇ."