ಮಹಡಿಮನೆ ಅಜ್ಜಿಯ ಇಕ್ಕಳ

ಮೇಷ್ಟ್ರು ಕೀಲಿ ತಿರುಗಿಸಿದರು. ಕಾರು ‘ಟಕ್’ ಎಂದಿತು. ಮತ್ತೆ ತಿರುಗಿಸಿದರು. ಮತ್ತೆ ‘ಟಕ್’. ಎಂಜಿನ್ನು ಮಾತ್ರ ರಜೆ ದಿನದ ಗುಮಾಸ್ತನ ಹಾಗೆ ಮುಸುಕೆಳೆದು ಮಲಗಿಯೇ ಇತ್ತು.

ಬೇರೆ ಯಾರ ಕಾರಾದರೂ ಹೀಗೆ ಹಟ ಹಿಡಿದಿದ್ದರೆ ಅದೇನು ದೊಡ್ಡ ಸುದ್ದಿಯಲ್ಲ. ಆದರೆ ನಮ್ಮ ಮೇಷ್ಟ್ರು ತಾಂತ್ರಿಕ ಶಾಲೆಯಲ್ಲಿ ಹದಿನೇಳು ವರ್ಷದಿಂದ ಹೇಳಿಕೊಡುತ್ತಿದ್ದುದೇ ಮೋಟಾರು ರಿಪೇರಿ. ಅದರ ಪಠ್ಯಪುಸ್ತಕವನ್ನು ಬರೆದವರೂ ಅವರೇ. ಹಾಗೆಂದು ಒಂದು ದಿನವೂ ಸ್ಪ್ಯಾನರ್ ಮುಟ್ಟಿದವರಲ್ಲ. ಅವರ ಕೈಗೆ ಅಂಟಿದ್ದೆಂದರೆ ಸೀಮೆಸುಣ್ಣ ಒಂದೇ. ಇವತ್ತು ಹತ್ತು ಗಂಟೆಗೆ ವಿಭಾಗದ ಮುಖ್ಯಸ್ಥರ ಹುದ್ದೆಗೆ ಸಂದರ್ಶನ. ಪರೀಕ್ಷಕರು ಪರವೂರಿನಿಂದ ಬರುವವರು, ಬರುವುದೂ ಐದು ವರ್ಷಕ್ಕೊಮ್ಮೆ. ಆಗಲೇ ಒಂಬತ್ತು ದಾಟಿತ್ತು.

“ಬಸ್ಸಲ್ಲಿ ಹೋಗ್ಬಾರ್ದಾ?” ಬಾಗಿಲಲ್ಲಿ ನಿಂತ ಹೆಂಡತಿ ಕೇಳಿದರು.

“ಮೋಟಾರು ವಿಭಾಗದ ಮುಖ್ಯಸ್ಥ ಆಗೋನು ಬಸ್ಸಲ್ಲಿ ನೇತಾಡ್ಕೊಂಡು ಹೋದ್ರೆ ನೋಡಿದೋರು ಏನಂತಾರೆ ಕಣೇ? ಒಂದು ನಿಮಿಷದ ಕೆಲಸ. ನನ್ನ ಪುಸ್ತಕ ತಗೊಂಡ್ಬಾ.”

“ಪುಸ್ತಕದ ಬದನೆಕಾಯಿ,” ಎಂದು ಗೊಣಗುತ್ತ ಆಕೆ ಒಳಗೆ ಹೋಗಿ ತಂದುಕೊಟ್ಟರು.

ಏಳನೆಯ ಅಧ್ಯಾಯದಲ್ಲಿ ಹೀಗಿತ್ತು: ‘ವಾಹನವು ಟಕ್ ಎಂಬ ಶಬ್ದವನ್ನಷ್ಟೇ ಹೊರಡಿಸಿದಲ್ಲಿ ದೋಷವು ಬ್ಯಾಟರಿಯಲ್ಲಿ ಇರಬಹುದು, ಇಲ್ಲದೆಯೂ ಇರಬಹುದು.’ ಅದನ್ನು ಬರೆದವನ ಮೇಲೆ ಮೇಷ್ಟ್ರಿಗೆ ವಿಪರೀತ ಸಿಟ್ಟು ಬಂತು.

ಅಷ್ಟರಲ್ಲಿ ಟಕ್ ಸದ್ದು ಬೀದಿಗೆಲ್ಲ ಕೇಳಿಸಿತ್ತು. ಮೊದಲು ಬಂದವರು ಪಕ್ಕದ ಮನೆಯ ರೈಲು ತಾತ. ಎಂಜಿನ್ ಡ್ರೈವರ್ ಆಗಿ ನಿವೃತ್ತರಾದವರು, ಇನ್ನೂ ಸಿಳ್ಳೆ ಹಾಕಿಕೊಂಡೇ ನಡೆಯುತ್ತಿದ್ದರು. “ಬಾಯಾರಿದೆ ಕಣಯ್ಯಾ ಇದಕ್ಕೆ! ನೀರು ಕುಡಿಸು,” ಎಂದು ಎರಡು ಬಿಂದಿಗೆ ನೀರು ತರಿಸಿದರು. ಅರ್ಧ ಕಾರಿಗೆ, ಉಳಿದರ್ಧ ಮೇಷ್ಟ್ರ ಇಸ್ತ್ರಿ ಪ್ಯಾಂಟಿಗೆ. ಕಾರು ‘ಟಕ್’ ಎಂದಿತು.

ಎದುರು ಅಂಗಡಿಯ ಟೈಲರ್ ಎಣ್ಣೆ ಡಬ್ಬಿ ಹಿಡಿದು ಓಡಿಬಂದ. “ನನ್ನ ಮೆಷಿನ್ನೂ ಹಿಂಗೇ ಅಂತಿತ್ತು ಸಾರ್. ನಾಕು ಹನಿ ಬಿಟ್ಟೆ ನೋಡಿ, ಮೂರು ಕೋಟು ಹೊಲೀತು.” ಎಲ್ಲಿ ಬಿಡಬೇಕೆಂದು ತಿಳಿಯದೆ ಕಂಡಕಂಡಲ್ಲೆಲ್ಲ ಬಿಟ್ಟ. ಬಾಗಿಲುಗಳು ಸದ್ದಿಲ್ಲದೆ ತೆರೆಯತೊಡಗಿದವು. ಎಂಜಿನ್ನು ಮಿಸುಕಲಿಲ್ಲ.

“ತಳ್ಳೋದೇ ಸರಿ!” ಎಂದು ತಾತ ಅಪ್ಪಣೆ ಕೊಡಿಸಿದರು. ಟೈಲರ್, ಹಾಲಿನವನು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು, ಎಲ್ಲರೂ ಸೇರಿ ಬೀದಿಯ ಈ ತುದಿಯಿಂದ ಆ ತುದಿಗೆ ತಳ್ಳಿದರು. ತಾತ ಮುಂದೆ ಮುಂದೆ ಸಿಳ್ಳೆ ಹಾಕಿದರು. ಮೇಷ್ಟ್ರು ಪುಸ್ತಕದಲ್ಲಿದ್ದಂತೆ ಎರಡನೇ ಗೇರು ಹಾಕಿ, ಕ್ಲಚ್ ಬಿಟ್ಟರು. ಕಾರು ಗಕ್ಕನೆ ಮುಗ್ಗರಿಸಿ ನಿಂತಿತು. ಹಿಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

“ಕೀಲಿ ಆನ್ ಮಾಡಿದ್ರಾ ಸಾರ್?” ಏದುಸಿರು ಬಿಡುತ್ತ ಟೈಲರ್ ಕೇಳಿದ.

ಮೇಷ್ಟ್ರು ಕೀಲಿಯನ್ನು ನೋಡಿದರು. ಅದು ಪುಸ್ತಕದಲ್ಲಿ ಬರೆದಿರಲಿಲ್ಲ. ಹಾಲಿನವನು ಅಂಗಿ ಕೊಡವಿಕೊಂಡು ಹೊರಟುಹೋದ, ಉಳಿದವರಿಗೆ ಮತ್ತೆ ತಳ್ಳುವ ತ್ರಾಣವಿರಲಿಲ್ಲ. ಗಂಟೆ ಹತ್ತೂಕಾಲು. ಮೇಷ್ಟ್ರಿಗೆ ಅಳು ಒಂದು ಬರಲಿಲ್ಲ, ಅಷ್ಟೇ.

ಆಗ ಕೈಯಲ್ಲಿ ಬಿಸಿನೀರಿನ ಪಾತ್ರೆ, ಪಾತ್ರೆ ಹಿಡಿದ ಇಕ್ಕಳದ ಸಮೇತ ಮಹಡಿಮನೆ ಅಜ್ಜಿ ಬಂದರು. “ಎಲ್ರೂ ಸ್ವಲ್ಪ ಸರೀರಪ್ಪಾ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದೋರ ಜೊತೆ ಸಂಸಾರ ಮಾಡಿದೀನಿ. ಮೇಷ್ಟ್ರೇ, ಹೆಡ್‌ಲೈಟ್ ಹಾಕಿ. ಹಾಂ, ಉರೀತು. ಈಗ ಕೀಲಿ ತಿರುಗ್ಸಿ.”

ಟಕ್ ಎಂದ ಕೂಡಲೇ ದೀಪ ಕಣ್ಣು ಮುಚ್ಚಿತು.

“ಬ್ಯಾಟರೀಲಿ ಜೀವ ಇದೆ. ಅದು ಎಂಜಿನ್ನಿಗೆ ತಲುಪ್ತಿಲ್ಲ. ಬಾನೆಟ್ ಎತ್ತಿ.” ಬ್ಯಾಟರಿಯ ತಲೆಯ ಮೇಲೆ ಬಿಳಿ ಪುಡಿ ಬೂಷ್ಟಿನಂತೆ ಕೂತಿತ್ತು, ತಂತಿಯ ಹಿಡಿ ಲೊಡಲೊಡ ಅಲ್ಲಾಡುತ್ತಿತ್ತು. ಅಜ್ಜಿ ಹಿಡಿ ಬಿಡಿಸಿ, ಬಿಸಿನೀರು ಸುರಿದು, ಸೆರಗಿನಲ್ಲಿ ಒರೆಸಿ, ಮತ್ತೆ ಕೂರಿಸಿ ಇಕ್ಕಳದಿಂದ ನಟ್ಟು ತಿರುವಿದರು. ಕಾರು ಗುರ್ ಎಂದು ಎದ್ದು ಕೂತಿತು! ಬೀದಿಯೆಲ್ಲ ಚಪ್ಪಾಳೆ.

“ಇದು ಅಡುಗೆಮನೆ ಇಕ್ಕಳ, ಬಿಗಿ ಸಾಲದು. ಗುಂಡಿಗೆ ಬಿದ್ರೆ ಮತ್ತೆ ಸಡಿಲ ಆಗುತ್ತೆ. ಜೊತೇಲೇ ಇಟ್ಕೊಳ್ಳಿ. ಆದ್ರೆ ಸಂಜೆ ಹಾಲು ಕಾಯ್ಸೋ ಹೊತ್ತಿಗೆ ನಂಗೆ ವಾಪಸ್ ಬೇಕು, ಇರೋದು ಅದೊಂದೇ.”

ಮೇಷ್ಟ್ರು ಶಾಲೆ ತಲುಪಿದಾಗ ಹನ್ನೊಂದು ದಾಟಿತ್ತು. ಸಂದರ್ಶನ ಮುಗಿಸಿದ ಮೂವರು ಪರೀಕ್ಷಕರು ತಮ್ಮ ಕಾರಿನಲ್ಲಿ ಕೂತಿದ್ದರು. ಕಾರು ‘ಟಕ್’ ಎನ್ನುತ್ತಿತ್ತು!

ಮೇಷ್ಟ್ರ ಒದ್ದೆ ಪ್ಯಾಂಟನ್ನೂ ಎಣ್ಣೆ ಕೈಯನ್ನೂ ನೋಡಿ ಹಿರಿಯ ಪರೀಕ್ಷಕರು ನಕ್ಕರು. “ನಿಮ್ಮ ಅದೃಷ್ಟ ಕಣ್ರೀ. ಮಧ್ಯಾಹ್ನ ಬೇರೆ ಊರಲ್ಲಿ ನಮಗೆ ಇನ್ನೊಂದು ಸಂದರ್ಶನ ಇದೆ, ಈ ಕಾರು ನೋಡಿದ್ರೆ ಹೊರಡ್ತಿಲ್ಲ. ಮೆಕ್ಯಾನಿಕ್ ಬರೋಕೆ ಇನ್ನೂ ಒಂದು ಗಂಟೆ ಬೇಕಂತೆ. ಅಲ್ಲೀತನಕ ನಿಮ್ಮದನ್ನೇ ಮುಗಿಸೋಣ. ಮೊದಲನೇ ಪ್ರಶ್ನೆ: ಈ ಕಾರು ಯಾಕೆ ಟಕ್ ಅಂತಿದೆ?”

ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಹದಿನೇಳು ವರ್ಷ ಬಾಯಲ್ಲೇ ಹೇಳಿದ್ದ ಮೇಷ್ಟ್ರಿಗೆ ಇವತ್ತೇ ಮಾಡಿ ತೋರಿಸುವ ಹುರುಪು. “ಹೆಡ್‌ಲೈಟ್ ಹಾಕಿ!” ಎಂದು ಗುಡುಗಿದರು. ಬಾನೆಟ್ ಎತ್ತಿದರು. ಅದೇ ಬಿಳಿ ಪುಡಿ, ಅದೇ ಲೊಡಲೊಡ. ಕರವಸ್ತ್ರ ಹಾಕಿ ತಿಕ್ಕಿ, ಇಕ್ಕಳ ಹಿಡಿದು ನಟ್ಟು ಬಿಗಿದು, ಬಾನೆಟ್ಟನ್ನು ಧಡ್ ಎಂದು ಮುಚ್ಚಿದರು. ಕಾರು ಒಂದೇ ಏಟಿಗೆ ಗುರ್ ಎಂದಿತು.

“ಭೇಷ್! ನೀವೇ ಕಣ್ರೀ ನಿಜವಾದ ಮೇಷ್ಟ್ರು!” ಎಂದ ಹಿರಿಯರು ಗಡಿಯಾರ ನೋಡಿಕೊಂಡು ಬೆಚ್ಚಿದರು. “ಅಯ್ಯೋ, ಈಗ ಹೊರಟ್ರೂ ಹೋಗಿ ಮುಟ್ಬೋದು! ನಡೀರಿ, ನಡೀರಿ!”

“ಸಾರ್, ಎರಡನೇ ಪ್ರಶ್ನೆ?” ಮೇಷ್ಟ್ರು ಕಾರಿನ ಜೊತೆ ಓಡಿದರು.

“ಮುಂದಿನ ಸಲ ಖಂಡಿತ ಕೇಳ್ತೀವಿ!” ಕಾರು ಗೇಟು ದಾಟಿತು.

“ನಿಮ್ಮನ್ನ ಆಗ್ಲೇ ಗೈರುಹಾಜರಿ ಅಂತ ಬರೆದಾಯ್ತು ಸಾರ್,” ಎಂದ ಗುಮಾಸ್ತ. “ಆದ್ರೂ ಎಂಥಾ ಕೈಗುಣ ನಿಮ್ದು!” ಹುದ್ದೆ ಹೋದ ದುಃಖದಲ್ಲೂ ಮೇಷ್ಟ್ರಿಗೆ ಆ ಮಾತು ಸಿಹಿಯಾಗಿಯೇ ಕೇಳಿಸಿತು.

ತಮ್ಮ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ‘ಟಕ್.’ ದಾರಿಯಲ್ಲಿ ಗುಂಡಿಗಳೇನು ಕಡಿಮೆ ಇರಲಿಲ್ಲ. ನಗುತ್ತಲೇ ಇಕ್ಕಳಕ್ಕೆ ಕೈ ಹಾಕಿದರು. ಜೇಬಿನಲ್ಲಿಲ್ಲ, ಸೀಟಿನ ಮೇಲಿಲ್ಲ. ಬಾನೆಟ್ ಮುಚ್ಚುವ ಮೊದಲು ಅದನ್ನು ಪರೀಕ್ಷಕರ ಬ್ಯಾಟರಿಯ ಪಕ್ಕದಲ್ಲೇ ಇಟ್ಟದ್ದು ಆಗ ನೆನಪಾಯಿತು.

ಅರ್ಧ ಗಂಟೆಯ ಮೇಲೆ ಅವರು ಬಸ್ಸಿನಲ್ಲಿ ನೇತಾಡುತ್ತಿದ್ದಾಗ ಮಹಡಿಮನೆ ಅಜ್ಜಿಯ ಫೋನು ಬಂತು. “ಹೋದ ಕೆಲಸ ಏನಾಯ್ತು ಮೇಷ್ಟ್ರೇ? ಇಕ್ಕಳ ಸಂಜೆಗೆ ತರ್ತೀರಲ್ಲಾ?”

“ಎರಡೂ ಒಂದೇ ಕಾರಲ್ಲಿ ಹೋದ್ವು ಅಜ್ಜಿ,” ಎಂದರು ಮೇಷ್ಟ್ರು. “ಅವರು ಇನ್ನೈದು ವರ್ಷಕ್ಕೆ ಬರ್ತಾರೆ. ಬಂದ ದಿನಾನೇ ಇಸ್ಕೊಂಡು ಬರ್ತೀನಿ.”