ಹೆಚ್ಚುವರಿ ಉಪಘಟಕದ ವರ್ಗಾವಣೆ

ತೊಣ್ಣೂರು ಕೆರೆಯ ಹಸಿರು ಪಾಚಿಯಲ್ಲಿ ಒಂದು ಪುಟ್ಟ ಪ್ರೋಟೀನು ಹೆಚ್ಚುವರಿಯಾಗಿದೆ ಎಂದು ಪಾಂಡವಪುರದ ಪಾಚಿ ಸಂಶೋಧನಾ ಕೇಂದ್ರವು ನವೆಂಬರ್ ಹನ್ನೊಂದರಂದು ಅಧಿಕೃತವಾಗಿ ತೀರ್ಮಾನಿಸಿತು.

ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಪಾಚಿಯೊಳಗೊಂದು ಯಂತ್ರವಿದೆ. ಅದರ ಬಿಡಿಭಾಗಗಳಲ್ಲೆಲ್ಲ ಚಿಕ್ಕದಾದ ಈ ಉಪಘಟಕ ಏನು ಮಾಡುತ್ತದೆಂದು ತಿಳಿಯಲು ಕೇಂದ್ರದ ಸಂಶೋಧನಾ ವಿದ್ಯಾರ್ಥಿನಿ, ಕಿರಂಗೂರಿನ ಹೇಮಶ್ರೀ ಮೂರು ವರ್ಷದಿಂದ ಹೆಣಗುತ್ತಿದ್ದಳು. ವಿಧಾನ ಸರಳ: ಅದಿಲ್ಲದ ಪಾಚಿ ಬೆಳೆಸಿ, ಅದಿರುವ ಪಾಚಿಯ ಪಕ್ಕ ಇಟ್ಟು, ಏನು ನಿಂತುಹೋಯಿತು ಅಂತ ನೋಡುವುದು. ನೆರಳಲ್ಲಿಟ್ಟು ನೋಡಿದಾಗ ಯಾವ ಕೆಲಸವೂ ನಿಲ್ಲಲಿಲ್ಲ. ಬೇಸಿಗೆ ಬಿಸಿಲಿನ ಪರೀಕ್ಷೆ ಬಾಕಿಯಿದೆ, ಆರು ತಿಂಗಳು ಬೇಕು ಎಂದು ವರದಿಯ ಎರಡನೇ ಪುಟದಲ್ಲಿ ಬರೆದಳು.

ನಿರ್ದೇಶಕ ಸುಧೀಂದ್ರ ಅವರು ಮೊದಲ ಪುಟ ಓದಿದರು.

"ಇಲ್ಲದಿದ್ರೂ ಕೆಲಸ ನಡೀತಿದೆ ಅಂದ್ಮೇಲೆ ಹೆಚ್ಚುವರಿ ಅಂತಲೇ ಅಲ್ವೇನಮ್ಮಾ?"

"ಸಾರ್, ಆ ಲೆಕ್ಕಕ್ಕೆ ನಮ್ಮ ಕೇಂದ್ರದಲ್ಲೂ..."

"ಅದು ಬೇರೆ ಕಡತ."

ನಿಯಮ ೭(ಬ) ಪ್ರಕಾರ ಉಪಘಟಕವನ್ನು ಕೌನ್ಸೆಲಿಂಗಿಗೆ ಕರೆಯಲಾಯಿತು. ಮೂರು ಸಲ ಕೂಗಿದರೂ ಹಾಜರಾಗಲಿಲ್ಲ. ಹೀಗಾಗಿ ಸ್ಥಳ ಆರಿಸಿಕೊಳ್ಳುವ ಹಕ್ಕು ಕಳೆದುಕೊಂಡ ಅದನ್ನು ನಾಗಮಂಗಲ ಶಾಖೆಗೆ ವರ್ಗಾಯಿಸಲಾಯಿತು. "ಯಾವಾಗ್ಲೂ ನಮ್ಗೆ ಸಣ್ಣದ್ನೇ ಕಳಿಸ್ತಾರೆ" ಎಂದು ಶಾಖೆಯವರು ಪ್ರತಿಭಟನೆ ಮಾಡಿ, ಆಮೇಲೆ ಹಾರ ತರಿಸಿದರು.

ಸಂಕಟವೆಲ್ಲ ಹೇಮಶ್ರೀಗೆ. ಕಾಗದದ ಪ್ರಕಾರ ಪಾಂಡವಪುರದ ಯಾವ ಬಾಟ್ಲಿಯಲ್ಲೂ ಈಗ ಆ ಉಪಘಟಕವಿಲ್ಲ. ಇಲ್ಲದ್ದರ ಪಕ್ಕ ಇಲ್ಲದ್ದನ್ನಿಟ್ಟು ಏನಂತ ಹೋಲಿಸುವುದು? ಮೂರು ವರ್ಷದ ದುಡಿಮೆ ಹೋದಂತೆಯೇ.

ಗುಮಾಸ್ತ ಚಿಕ್ಕಮಾದಯ್ಯ ಕನ್ನಡಕ ಮೇಲೇರಿಸಿದ. "ಯಾಕವ್ವಾ ಇಂಗ್ ಮಂಕಾಗಿ ಕುಂತಿದ್ದೀಯ?"

"ಅದನ್ನ ನಾಗಮಂಗಲಕ್ಕೆ ಹಾಕ್ಬುಟ್ರಲ್ಲಣ್ಣ. ನಂಗಿಲ್ಲಿ ಬೇಕಿತ್ತು."

"ಆಕುದ್ರೆ ಓಗ್ಬುಡ್ಬೇಕಾ? ನನ್ನ ಕೆ.ಆರ್. ಪೇಟೆಗೆ ಆಕಿ ಒಂಬತ್ತು ವರ್ಸಾಯ್ತು ಕಣವ್ವ. ಇಲ್ಲೇ ಕುಂತಿಲ್ವಾ ನಾನು?"

ಅರ್ಜಿಯನ್ನೂ ಅವನೇ ಬರೆದ: "ಸದರಿ ಉಪಘಟಕವು ನಾಗಮಂಗಲದಲ್ಲಿ ಕರ್ತವ್ಯಕ್ಕೆ ಹಾಜರಾಗಿದ್ದು, ಕೌಟುಂಬಿಕ ಕಾರಣಗಳಿಂದ ಪಾಂಡವಪುರದಲ್ಲೇ ವಾಸವಿದ್ದು, ದಿನಂಪ್ರತಿ ಬಸ್ಸಿನಲ್ಲಿ ಹೋಗಿಬರುತ್ತದೆ." ಸುಧೀಂದ್ರ ಅವರು ಎರಡು ಸಲ ಓದಿ, "ಪ್ರಯಾಣಭತ್ಯೆ ಕೇಳತಕ್ಕದ್ದಲ್ಲ" ಎಂದು ಷರಾ ಬರೆದು ಸಹಿ ಹಾಕಿದರು.

ಏಪ್ರಿಲ್ ಬಿಸಿಲಿನಲ್ಲಿ ಉಪಘಟಕವಿಲ್ಲದ ಪಾಚಿ ಐದೇ ದಿನಕ್ಕೆ ಬಿಳಿಚಿಕೊಂಡಿತು. ಇದ್ದದ್ದು ಹಸಿರಾಗೇ ಉಳಿಯಿತು. ಹೇಮಶ್ರೀಯ ಪ್ರಬಂಧ ಒಪ್ಪಿಗೆಯಾಯಿತು.

ನಾಗಮಂಗಲದ ಹಾಜರಿ ಪುಸ್ತಕದಲ್ಲೂ ತಪ್ಪದೆ ಸಹಿ ಬೀಳುತ್ತಿದೆ. ತಪಾಸಣೆಗೆ ಬಂದವರು ಕೇಳಿದರೆ ಶಾಖೆಯವರು ಖಾಲಿ ಕುರ್ಚಿ ತೋರಿಸಿ ಹೇಳುತ್ತಾರೆ: "ಈಗ್ತಾನೇ ಇತ್ತಲ್ಲಾ ಸಾರ್, ಟೀ ಕುಡಿಯಕ್ಕೆ ಹೋಗಿರ್ಬೇಕು." ಬಂದವರು ತಲೆಯಾಡಿಸಿ ಮುಂದಿನ ಕುರ್ಚಿಗೆ ಹೋಗುತ್ತಾರೆ.